ಅಕ್ಕನ ಮೂಗು, ಭಾವನ ಬೆಂಕಿ

ನನ್ನ ಭಾವನಿಗೆ ಮೂಗು ಇದ್ದದ್ದು ಕನ್ನಡಕ ಕೂರಿಸುವುದಕ್ಕೆ ಮಾತ್ರ. ಹಂಗಿಸಲು ಹೇಳುತ್ತಿಲ್ಲ, ಇದು ಮನೆಯವರ ಮುಂದೆ ಅವರೇ ಹೇಳಿಕೊಂಡು ನಗುತ್ತಿದ್ದ ಮಾತು. ನನ್ನ ಅಕ್ಕನನ್ನು ಮದುವೆಯಾದ ಹೊಸತರಲ್ಲಿ ಯಾರದೋ ಮನೆಯ ಅಟ್ಟದಿಂದ ಹಳೆಯ ಒಲೆ ಇಳಿಸಲು ಹೋಗಿ ಏಣಿ ಜಾರಿತು, ಹಿಂದಲೆ ನೆಲಕ್ಕೆ ಬಡಿಯಿತು. ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದವರು ಹಜಾರದಲ್ಲಿ ಕೂತಿದ್ದರು. ಒಳಗೆ ಅಕ್ಕ ಬೆಳ್ಳುಳ್ಳಿ ಹುರಿಯುತ್ತಿದ್ದಳು. ಘಮ ಬೀದಿಯವರೆಗೂ ಹೋಗಿತ್ತು. ಇವರು ಕೂತಲ್ಲಿಂದಲೇ, "ಇವತ್ತು ಅಡುಗೆ ಶುರು ಮಾಡೋದೇ ಇಲ್ವಾ?" ಎಂದು ಕೇಳಿದರು.

ವಾಸನೆ ಹೋದದ್ದು ಹೋಯಿತು, ಮತ್ತೆ ಬರಲಿಲ್ಲ. ಬೇರೆ ಯಾರಿಗಾದರೂ ಆಗಿದ್ದರೆ ಊಟ ರುಚಿಸುವುದಿಲ್ಲ ಎಂದು ಸ್ವಲ್ಪ ದಿನ ಕೊರಗಿ ಸುಮ್ಮನಾಗುತ್ತಿದ್ದರು. ಭಾವನ ಕಸುಬು ಗ್ಯಾಸ್ ಒಲೆ ರಿಪೇರಿ. ಗ್ಯಾಸಿಗೆ ಆ ಕೊಳೆತ ವಾಸನೆ ಸೇರಿಸುವುದೇ ಸೋರಿದರೆ ಗೊತ್ತಾಗಲಿ ಎಂದು. ಅದೇ ತಿಳಿಯದವನ ಕೈಗೆ ಯಾರು ತಮ್ಮ ಒಲೆ ಒಪ್ಪಿಸುತ್ತಾರೆ?

ಅಲ್ಲಿಂದ ಅಕ್ಕ ಗುಟ್ಟಾಗಿ ಅವರ ಮೂಗಾದಳು.

ಯಾರ ಮನೆಯಿಂದ ಕರೆ ಬಂದರೂ ಭಾವ ಸೈಕಲ್ ತುಳಿಯುವುದು, ಅಕ್ಕ ಹಿಂದೆ ಕ್ಯಾರಿಯರ್ ಮೇಲೆ, ತೊಡೆಯ ಮೇಲೆ ಸ್ಪ್ಯಾನರುಗಳ ಚೀಲ. ಬೀದಿಯ ಹೆಂಗಸರು ಅವಳಿಗೆ ಗಂಡನ ಬಾಲ ಎಂದು ಹೆಸರಿಟ್ಟರು. "ಒಂದು ಗಳಿಗೆ ಗಂಡನ್ನ ಬಿಟ್ಟಿರೋಕೆ ಆಗಲ್ವೇನಮ್ಮ?" ಎಂದು ಕೇಳಿದರೆ ಅಕ್ಕ, "ಕಣ್ಣು ತಪ್ಪಿಸಿದ್ರೆ ನಿಮ್ಮನೆ ಸಕ್ಕರೆ ಡಬ್ಬ ಎತ್ಕೊಂಡು ಬಂದ್ಬಿಡ್ತಾರೆ, ಅದಕ್ಕೇ ಕಾವಲು" ಅನ್ನುತ್ತಿದ್ದಳು.

ಅಡುಗೆಮನೆಯಲ್ಲಿ ಅವರ ಕೆಲಸದ ರೀತಿಯೇ ಬೇರೆ. ಭಾವ ಒಲೆ ಬಿಚ್ಚಿ, ತೊಳೆದು, ಜೋಡಿಸಿ, ಗಡ್ಡಕ್ಕೆ ಸೋಪು ಹಚ್ಚುವ ಹಳೆಯ ಬ್ರಷ್ಷಿನಿಂದ ಪ್ರತಿ ಜೋಡಣೆಗೂ ನೊರೆ ಬಳಿಯುತ್ತಿದ್ದರು. ಎಲ್ಲಾದರೂ ಸೋರುತ್ತಿದ್ದರೆ ಅಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ತಲೆ ಎತ್ತಿ ಅಕ್ಕನ ಕಡೆ ನೋಡುತ್ತಿದ್ದರು. ಮನೆಯವರ ಜೊತೆ ಹರಟುತ್ತಲೇ ಅಕ್ಕ ಒಲೆಯ ಹತ್ತಿರ ಬಗ್ಗಿ, ಬಿದ್ದ ಸೂಜಿ ಹುಡುಕುವವಳ ಹಾಗೆ ಒಂದು ಉಸಿರು ಎಳೆದುಕೊಂಡು "ಹೂಂ" ಅನ್ನುತ್ತಿದ್ದಳು. ಆಮೇಲೇ ಕಡ್ಡಿ ಗೀರುವುದು. "ಊಹೂಂ" ಅಂದರೆ ಎಲ್ಲ ಮತ್ತೆ ಬಿಚ್ಚಬೇಕು. ಒಂದು ಮನೆಯಲ್ಲಿ ನೊರೆಗೆ ಏನೂ ಸಿಗಲಿಲ್ಲ, ಅಕ್ಕ ಮಾತ್ರ ಊಹೂಂ ಅಂದಳು. ಮನೆಯ ಯಜಮಾನ ಗೊಣಗಿದ. ಭಾವ ಕಪಾಟನ್ನೇ ಎಳೆಸಿ ನೋಡಿದರೆ ಹಿಂದೆ ರಬ್ಬರ್ ಟ್ಯೂಬಿನ ಹೊಟ್ಟೆಯಲ್ಲಿ ಕೂದಲಿನಷ್ಟು ಸೀಳು. ಅವತ್ತಿನಿಂದ ಭಾವನದು ಒಂದೇ ಮಾತು: "ನೊರೆ ಸುಳ್ಳು ಹೇಳಬಹುದು, ಇವಳ ಮೂಗು ಹೇಳಲ್ಲ."

ನನ್ನದು ವೆಲ್ಡಿಂಗ್ ಶೆಡ್ಡು. ಕಿಟಕಿ, ಗೇಟು, ಮೆಟ್ಟಿಲ ಕಟಕಟೆ. ಶೆಡ್ಡಿನ ಹಿಂದೆ ಅಂಗಳ, ಅಂಗಳದ ಆಚೆ ಅಕ್ಕ ಭಾವನ ಮನೆ, ಅವರ ಮಲಗುವ ಕೋಣೆಯ ಕಿಟಕಿ ಅಂಗಳಕ್ಕೇ ತೆರೆಯುತ್ತದೆ. ಬೀದಿ ಕಡೆಯ ಕೋಣೆ ಭಾವನ ಅಂಗಡಿ. ರಜಾ ದಿನ ಮಧ್ಯಾಹ್ನ ನಾವೊಂದಿಷ್ಟು ಜನ ಅಂಗಳದಲ್ಲಿ ಸೇರುತ್ತಿದ್ದೆವು. ಸೈಕಲ್ ರಿಪೇರಿಯವನು ಒಬ್ಬ. ಮಾತಿಗೆ ತುದಿಯೇ ಇಲ್ಲದ್ದರಿಂದ ಅವನನ್ನು ಚೈನು ಅನ್ನುತ್ತಿದ್ದೆವು. ಪಕ್ಕದ ಮನೆಯ ಟೈಲರಮ್ಮ. ಇನ್ನು ಯಾರು ಬಂದರೂ ಸರಿ. ಬೇಕಾದ ಕೆಲಸ ವಾರವೆಲ್ಲ ಮಾಡಿದ್ದಾಯಿತು, ಇವತ್ತು ಬೇಡದ್ದು ಮಾಡೋಣ ಎಂದು ಗುಜರಿ ರಾಶಿ ಹಾಕಿಕೊಂಡು ಕೂರುವುದು. ಈ ಕೂಟಕ್ಕೆ ಹೆಸರಿಟ್ಟದ್ದು ನನ್ನ ಹೆಂಡತಿ. "ಮನೇಲಿ ಒಂದು ಬಲ್ಬು ಹಾಕಿ ಅಂದ್ರೆ ಕೈಗೆ ಬರಲ್ಲ, ಅಲ್ಲಿ ಹೋಗಿ ಬೇಡದ ಕೆಲಸ ಮಾಡ್ತೀರಿ" ಎಂದು ಬೈದಳು. ಬೇಡದ ಕೆಲಸ ಎಂಬ ಹೆಸರೇ ನಿಂತಿತು.

ಭಾವನಿಗೆ ಬೆಂಕಿ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ. ವಾರವೆಲ್ಲ ಜನರ ಒಲೆಗಳಲ್ಲಿ ಬೆಂಕಿಯನ್ನು ಮಟ್ಟವಾಗಿ, ನೀಲಿಯಾಗಿ, ಶಿಸ್ತಾಗಿ ಕೂರಿಸುವ ಮನುಷ್ಯ, ರಜಾ ದಿನ ಅದನ್ನು ಕುಣಿಸಬೇಕು. ಮೊದಲು ತಗಡಿನ ಮೀನು ಮಾಡಿದರು. ಸೈಕಲ್ ಪೆಡಲು ತುಳಿದರೆ ಮೀನು ಬಾಯಿ ತೆರೆದು ಬೆಂಕಿ ಉಗುಳುತ್ತದೆ. ಚೈನು ಅದರ ಹಲ್ಲು ಎಣಿಸಲು ಬಗ್ಗಿದಾಗ ಯಾರೋ ತುಳಿದರು. ಅವನ ಮೀಸೆಯ ಬಲಭಾಗ ಹೋಯಿತು. ತಂಗಿಯ ಮದುವೆಗೆ ಅರ್ಧ ಮೀಸೆಗೆ ಕಾಡಿಗೆ ಬಳಿದುಕೊಂಡು ಹೋದ, ಬೆವರಿಗೆ ಅದೂ ಇಳಿದು ಗಲ್ಲಕ್ಕೆ ಬಂತಂತೆ.

ಅವತ್ತೇ ಅಕ್ಕ ಕಾನೂನು ಮಾಡಿದಳು. ಅಂಗಳದಲ್ಲಿ ಯಾರೇ ಬೆಂಕಿ ಹಚ್ಚಲಿ, ಒಬ್ಬರು ಒದ್ದೆ ಗೋಣಿ ಹಿಡಿದು ನಿಲ್ಲಬೇಕು, ಅವರು ಬೇರೆ ಯಾವ ಕೆಲಸವನ್ನೂ ಮಾಡಬಾರದು, ನೋಡಿ ಖುಷಿ ಪಡಲೂಬಾರದು. ಗ್ಯಾಸಿನ ಆಟವಾದರೆ ಅಕ್ಕ ಹೂಂ ಅನ್ನುವವರೆಗೆ ಕಡ್ಡಿ ಗೀರುವಂತಿಲ್ಲ. ಹೀಗೆ ಭಾವನ ಮೂಗಿನ ಗುಟ್ಟು ಅಂಗಳದವರಿಗೆಲ್ಲ ತಿಳಿಯಿತು. ಅಂಗಳ ದಾಟಿ ಹೋಗಲಿಲ್ಲ. ಚೈನು ಕೂಡ ಆ ಒಂದು ವಿಷಯಕ್ಕೆ ಬಾಯಿಗೆ ಬೀಗ ಹಾಕಿದ.

ಮೀನಿನ ನಂತರ ಹಾಡಿನ ಕೊಳವೆ ಬಂತು. ಉದ್ದ ಕೊಳವೆ, ಮೇಲೆ ಸಾಲಾಗಿ ಸಣ್ಣ ತೂತು, ಪ್ರತಿ ತೂತಿನಿಂದ ಬೆರಳುದ್ದ ಜ್ವಾಲೆ, ಒಂದು ತುದಿಗೆ ಬಿಗಿದ ರಬ್ಬರ್ ಹಾಳೆ. ಆ ಹಾಳೆಯ ಹತ್ತಿರ ಬಾಯಿಟ್ಟು ಹಾಡಿದರೆ ಜ್ವಾಲೆಗಳು ದನಿಯ ಜೊತೆ ಏಳುತ್ತವೆ, ಬೀಳುತ್ತವೆ. ಚೈನು ಹಾಡಿದ, ಎಲ್ಲ ಜ್ವಾಲೆಗಳೂ ಕುಗ್ಗಿದವು. "ಬೆಂಕಿಗೂ ತಡ್ಕೊಳ್ಳೋಕೆ ಆಗ್ಲಿಲ್ಲ ನೋಡು" ಅಂದಳು ಅಕ್ಕ. ಆಮೇಲೆ ಅವಳೇ ಹೋಗಿ, ಹಾಡಲು ನಾಚಿಕೆಯಾಗಿ, ಬರೇ ಹೂಂ ಎಂದು ಎಳೆದಳು. ಕೊಳವೆಯ ನಡುವೆ ಜ್ವಾಲೆಗಳು ಗುಡ್ಡದ ಹಾಗೆ ಎದ್ದು ನಿಂತವು. ಭಾವ ಆ ಗುಡ್ಡವನ್ನೇ ನೋಡುತ್ತ ಕೂತಿದ್ದರು. ಸಾಕು ಅನ್ನಲೇ ಇಲ್ಲ. ಅವಳಿಗೆ ಉಸಿರು ಕಟ್ಟಿ ಕೆಮ್ಮು ಬಂತು.

ಮರದ ಯೋಚನೆ ಅಕ್ಕನದು. "ಎಷ್ಟು ದಿನ ಮೀನು, ಕೊಳವೆ ಅಂತ ಆಡ್ತೀರಿ. ನನಗೊಂದು ಮರ ಮಾಡಿಕೊಡಿ. ಗಾಳಿ ಇಲ್ಲದೇನೂ ಎಲೆ ಅಲ್ಲಾಡಬೇಕು." ಭಾವ ಯೋಚಿಸಿ ನೋಡಿ ಆಗುತ್ತದೆ ಅಂದರು. ಕಬ್ಬಿಣದ ಕೊಂಬೆ, ಒಳಗೆ ತಾಮ್ರದ ಸಣ್ಣ ನಳಿಗೆ, ಪ್ರತಿ ತುದಿಯಲ್ಲಿ ಒಂದು ಚಿಕ್ಕ ಜ್ವಾಲೆ, ಅದರ ಮೇಲೆ ಎತ್ತರದಲ್ಲಿ ತೂಗುವ ತಗಡಿನ ಎಲೆ. ಬಿಸಿ ಮೇಲೇರಿದರೆ ಎಲೆ ತಾನಾಗಿ ಅಲುಗುತ್ತದೆ. ಕೊಂಬೆ ಬಗ್ಗಿಸಿದ್ದು ನಾನು. ಎಲೆ ಕತ್ತರಿಸಿದ್ದು ಅಕ್ಕ, ಎಣ್ಣೆ ಡಬ್ಬಗಳ ತಗಡಿನಿಂದ, ಟೈಲರಮ್ಮನ ಹಳೆಯ ಕತ್ತರಿಯಲ್ಲಿ. ಒಂದರ ಹಾಗೆ ಇನ್ನೊಂದಿಲ್ಲ. ಒಂದು ಎಲೆಯ ಅಂಚನ್ನು ಹರುಕು ಮುರುಕಾಗಿ ಕತ್ತರಿಸಿದ್ದಳು. ಕೆಟ್ಟುಹೋಯಿತಾ ಎಂದು ಕೇಳಿದ್ದಕ್ಕೆ, "ಕೆಡೋದಾ? ಅದನ್ನ ಹುಳ ತಿಂದಿದೆ ಕಣೋ. ಒಂದಾದರೂ ಹುಳ ತಿನ್ನದ ಮರ ಎಲ್ಲಿದೆ?" ಅಂದಳು.

ಮರ ಅರ್ಧ ಆಗಿತ್ತು, ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಗಡ್ಡೆ ಅಂದರು. ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿದರು, ಮನೆಗೆ ಕಳಿಸಿದರು, ಮತ್ತೆ ಕರೆದರು. ಕೂದಲು ಉದುರಿತು, ತಲೆಗೆ ಬಟ್ಟೆ ಕಟ್ಟಿಕೊಂಡಳು. ನಾನು ಒಂದು ಸಲ ಡಾಕ್ಟರ ಕೋಣೆಗೆ ನುಗ್ಗಿ ಜೋರಾಗಿ ಮಾತಾಡಿದೆ. ಆ ಮನುಷ್ಯ ಪಾಪ ಎದ್ದು ನಿಂತು, "ಆಗೋದನ್ನೆಲ್ಲ ಮಾಡ್ತಿದ್ದೀವಿ, ಆದ್ರೆ ತುಂಬಾ ಹರಡಿದೆ" ಅಂದ. ಬೈಯಲು ಹೋದವನು ಅವನಿಗೆ ಕೈ ಮುಗಿದು ಹೊರಗೆ ಬಂದೆ. ಅಕ್ಕನಿಗೆ ಯಾರೂ ಹೇಳಲಿಲ್ಲ, ಅವಳಿಗೆ ಹೇಳುವುದೇನೂ ಬಾಕಿ ಇರಲಿಲ್ಲ.

"ಮರ ಹೊತ್ತೋದು ನೋಡ್ಬೇಕು ಕಣ್ರೀ," ಅಂದಳು ಭಾವನಿಗೆ. "ಅದೊಂದು ನೋಡಿಬಿಡ್ತೀನಿ."

ಭಾವ ಅಂಗಡಿಗೆ ಬಂದ ಒಲೆಗಳನ್ನು ಬದಿಗೆ ಸರಿಸಿದರು. ಊಟ ತಿಂಡಿ ಬಿಟ್ಟು ಮರದ ಮೇಲೆ ಬಿದ್ದರು. ನಾನು ಗೇಟಿನ ಕೆಲಸ ಮೂಲೆಗೆ ಹಾಕಿದೆ. ಕೇಳಲು ಬಂದ ಗಿರಾಕಿಗೆ, "ಗೇಟಿಲ್ಲದೆ ನಿಮ್ಮನೇಲಿ ಯಾವ ಆನೆ ಓಡಿಹೋಗುತ್ತೆ?" ಎಂದು ಕೇಳಿ ಕಳಿಸಿದೆ. ಮರ ಆಯಿತು. ನನಗಿಂತ ಎತ್ತರ, ತಲೆ ತುಂಬ ತಗಡಿನ ಎಲೆ.

ಒಂದು ಸಂಜೆ ಅಕ್ಕನನ್ನು ಕುರ್ಚಿ ಸಮೇತ ಎತ್ತಿ ಅಂಗಳಕ್ಕೆ ತಂದೆವು. ಅವಳು ಎಷ್ಟು ಹಗುರವಾಗಿದ್ದಳೆಂದರೆ ಕುರ್ಚಿಯ ಭಾರವೇ ಹೆಚ್ಚು. ಚೈನು ಒದ್ದೆ ಗೋಣಿ ಹಿಡಿದ. ಭಾವ ಬುಡದ ಹಿತ್ತಾಳೆಯ ನಲ್ಲಿ ತಿರುಗಿಸಿದರು. ಹಿಸ್ ಎಂದು ಸಣ್ಣ ಸದ್ದು. ನೊರೆ ಬಳಿದರು, ಗುಳ್ಳೆ ಏಳಲಿಲ್ಲ. ಬೆಂಕಿಪೊಟ್ಟಣ ಹಿಡಿದು ಅಕ್ಕನ ಕಡೆ ನೋಡಿದರು.

ಅಕ್ಕ ಕಣ್ಣು ಮುಚ್ಚಿ ಉಸಿರು ಎಳೆದಳು. ಮುಖ ಕಿವುಚಿದಳು. "ಊಹೂಂ. ಸೋರ್ತಿದೆ."

"ಎಲ್ಲಿ?"

"ಎಲ್ಲಿ ಅಂತ ಹೇಳಲಿ, ತುಂಬ ಬರ್ತಿದೆ."

ಭಾವ ನಲ್ಲಿ ಮುಚ್ಚಿದರು. ಮಾರನೆಯ ದಿನ ಪ್ರತಿ ಕೊಂಬೆ ಬಿಚ್ಚಿ, ಪ್ರತಿ ನಳಿಗೆ ನೀರಲ್ಲಿ ಮುಳುಗಿಸಿ ಊದಿ ನೋಡಿದರು. ಏನೂ ಸಿಗಲಿಲ್ಲ. ಮತ್ತೆ ಜೋಡಿಸಿದರು. ಮತ್ತೆ ಕುರ್ಚಿ, ಮತ್ತೆ ಗೋಣಿ, ಮತ್ತೆ ನೊರೆ. ಅಕ್ಕ ಮತ್ತೆ ಊಹೂಂ.

ನನಗೆ ತಡೆಯಲಾಗಲಿಲ್ಲ. "ಭಾವ, ತುದಿಯಿಂದ ಬರೋದು ಬಿಟ್ರೆ ನನಗೆ ಬೇರೆ ಏನೂ ಬರ್ತಿಲ್ಲ ವಾಸನೆ. ಹಚ್ಚಿ."

"ನಿನ್ನ ಮೂಗು ವೆಲ್ಡಿಂಗ್ ಹೊಗೆ ಕುಡಿದು ಕುಡಿದು ಇದ್ದಿಲಾಗಿದೆ," ಅಂದರು ಭಾವ.

"ನನಗೂ ಬರ್ತಿಲ್ಲಣ್ಣ," ಅಂದ ಚೈನು.

"ನೀನು ಹೊಗೆಸೊಪ್ಪಿನ ಮೂಟೆ, ಸುಮ್ನಿರು."

ಅಕ್ಕ ನಮ್ಮೆಲ್ಲರ ಮುಖ ನೋಡಿದಳು. "ನನಗೆ ಮಾತ್ರ ಬರ್ತಿದೆಯಾ?" ಎಂದು ಮೆಲ್ಲಗೆ ಕೇಳಿದಳು.

"ನಿನಗೆ ಬಂದ್ರೆ ಇದೆ ಅಂತಾನೇ," ಅಂದರು ಭಾವ. ನಲ್ಲಿ ಮುಚ್ಚಿದರು.

ಆ ಮಾತಿಗೆ ಅಕ್ಕನ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ಅಡುಗೆಮನೆಗೆ ಹೋಗಲಾರಳು, ಒಂದು ಲೋಟ ತೊಳೆಯಲಾರಳು, ಆದರೆ ಮೂಗು ಇನ್ನೂ ಅವಳದೇ, ಅದರ ಮಾತು ಇನ್ನೂ ನಡೆಯುತ್ತದೆ. ಅದನ್ನು ನೋಡಿದ ಮೇಲೆ ನಾನೂ ಜೋರು ಮಾಡಲಿಲ್ಲ.

ಭಾವ ತಾಮ್ರದ ನಳಿಗೆಗಳನ್ನೆಲ್ಲ ಹೊಸದಾಗಿ ತಂದರು. ವಾಷರುಗಳನ್ನು ಬದಲಿಸಿದರು. ಸಿಲಿಂಡರನ್ನೇ ಬದಲಿಸಿದರು. ಅಷ್ಟರಲ್ಲಿ ಅಕ್ಕ ಹಾಸಿಗೆ ಬಿಟ್ಟು ಏಳುವುದು ನಿಂತಿತ್ತು. ಕಿಟಕಿ ತೆರೆದು, ತಲೆಗೆ ದಿಂಬು ಏರಿಸಿ, ಮರವನ್ನು ಕಿಟಕಿಯ ಮುಂದಕ್ಕೇ ತಂದೆವು. ಭಾವ ನಲ್ಲಿ ತಿರುಗಿಸಿ ಕಾದರು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಅವಳ ಕೈ ಮೇಲೆದ್ದು ಬೇಡ ಬೇಡ ಎಂದು ಆಡಿತು. ಮಾತಾಡಲು ತ್ರಾಣವಿರಲಿಲ್ಲ.

ಅಕ್ಕ ಹೋದದ್ದು ಒಂದು ಮಧ್ಯಾಹ್ನ. ನನ್ನ ಹೆಂಡತಿ ಅವಳ ಪಕ್ಕ ಇದ್ದಳು. ಅವಳು ಕೂಗಿದಾಗ ನಾನೂ ಭಾವನೂ ಅಂಗಡಿಯಲ್ಲಿದ್ದೆವು. ಮರ ತುಂಡು ತುಂಡಾಗಿ ಗೋಣಿಯ ಮೇಲೆ ಹರಡಿತ್ತು. ಭಾವನ ಕೈಯಲ್ಲಿ ಒಂದು ಕೊಂಬೆ. ಅದನ್ನು ಹಿಡಿದುಕೊಂಡೇ ಓಡಿದರು. ಹಾಸಿಗೆಯ ಬದಿ ಕೂತಾಗಲೂ ಕೈಯಲ್ಲಿ ಅದೇ ಇತ್ತು. ನಾನೇ ಬೆರಳು ಬಿಡಿಸಿ ತೆಗೆದುಕೊಂಡೆ.

ಅದಾದ ಮೇಲೆ ಅಂಗಡಿಯ ಬಾಗಿಲು ಮುಚ್ಚಿತು. ಜನ ತಮ್ಮ ಒಲೆ ಕೇಳಿಕೊಂಡು ನನ್ನ ಶೆಡ್ಡಿಗೆ ಬರುತ್ತಿದ್ದರು. ಒಬ್ಬ, "ಹೆಂಡ್ತಿ ಸತ್ತರೆ ಸ್ಪ್ಯಾನರ್ ಹಿಡಿಯೋಕೆ ಬರಲ್ವಾ?" ಅಂದ. ಅವನ ಕೊರಳಪಟ್ಟಿ ಹಿಡಿದು ಬೀದಿಗೆ ಬಿಟ್ಟು ಬಂದೆ. ಗುಟ್ಟು ಹೇಳುವ ಹಾಗಿಲ್ಲವಲ್ಲ. ನನ್ನ ಭಾವನ ಮೂಗು ಸತ್ತುಹೋಗಿದೆ ಸ್ವಾಮಿ ಎಂದು ಯಾರ ಹತ್ತಿರ ಹೇಳಲಿ.

ಸ್ವಲ್ಪ ಸಮಯ ಕಳೆದ ಮೇಲೆ ಟೈಲರಮ್ಮ ಭಾವನನ್ನು ಕರೆದರು. ಮನುಷ್ಯ ಕೋಣೆ ಬಿಟ್ಟು ಹೊರಗೆ ಬರಲಿ ಎಂಬ ಆಸೆಯೂ ಇದ್ದಿರಬೇಕು. "ಅಣ್ಣ, ನಮ್ಮ ಒಲೆ ಒಂದು ನೋಡಿ. ಸೋರ್ತಿದೆ ಅಂತ ಅವಳು ಹೇಳ್ತಾನೇ ಇದ್ದಳು. ನಾನು ತೋರಿಸ್ತೀನಿ ತೋರಿಸ್ತೀನಿ ಅಂತ ಹಾಗೇ ಬಿಟ್ಟೆ."

ಅಕ್ಕ ಹೇಳಿದ್ದಳು ಅಂದ ಕೂಡಲೇ ಭಾವ ಎದ್ದರು. ಚೀಲ ನಾನು ಹಿಡಿದೆ, ಮೂಗು ಬೇಕಲ್ಲ. ಟೈಲರಮ್ಮನ ಅಡುಗೆಮನೆಯಲ್ಲಿ ಇಬ್ಬರು ನಿಲ್ಲುವಷ್ಟೇ ಜಾಗ. ಭಾವ ಟ್ಯೂಬಿಗೆ, ನಲ್ಲಿಗೆ, ಬರ್ನರಿನ ಕತ್ತಿಗೆ ನೊರೆ ಬಳಿದರು. ಗುಳ್ಳೆ ಇಲ್ಲ. ನಾನು ಮೂಸಿದೆ. ಸೋಪಿನ ವಾಸನೆ, ಹೊಸ ಬಟ್ಟೆಯ ವಾಸನೆ, ಬೇರೆ ಏನೂ ಇಲ್ಲ.

"ಯಾವಾಗ ಹೇಳಿದ್ದು ಅವಳು?" ಎಂದು ಕೇಳಿದರು ಭಾವ, ಬ್ರಷ್ಷು ಆಡಿಸುತ್ತಲೇ.

"ಸೂಪು ಮಾಡಿ ತಗೊಂಡು ಹೋಗ್ತಿದ್ನಲ್ಲ ಅಣ್ಣ, ಆವಾಗ. ಬಾಯಿ ಹತ್ತಿರ ತಂದ್ರೆ ಸಾಕು, ಗ್ಯಾಸ್ ನಾತ ಬರ್ತಿದೆ ಅಂತ ತಳ್ಳಿಬಿಡೋಳು. ನಿಮ್ಮನೆ ಟ್ಯೂಬು ಹೋಗಿದೆ ಕಣೇ, ನೋಡಿಸು ಅನ್ನೋಳು. ನನಗೆ ಒಂಥರಾ ಆಗ್ತಿತ್ತು. ಆಮೇಲೆ ನಿಮ್ಮನೆ ಹಾಲು ಕೊಟ್ರೂ ಅದೇ ಮಾತು. ನೀರು ಕೊಟ್ರೂ ಅದೇ. ಕೊನೆಗೆ ಅವಳ ಮೈಗೆ ಅಂತ ಮೆತ್ತನೆ ಬಟ್ಟೆ ಒಂದು ಹೊಲಿದು ತಗೊಂಡು ಹೋದೆ, ಅದನ್ನೂ ಮೂಸಿ ಗ್ಯಾಸ್ ಅಂದಳು. ಇವರಿಗೆ ಹೇಳ್ಬೇಡ, ಮನೆ ಒಲೆನೂ ಬಿಚ್ಚಿ ಹಾಕ್ತಾರೆ ಅಂತ ನಗಾಡಿದಳು."

ಭಾವನ ಕೈ ನಿಂತಿತು. ಬ್ರಷ್ಷಿನಿಂದ ನೊರೆ ತೊಟ್ಟಿಕ್ಕಿ ಅವರ ಚಪ್ಪಲಿಯ ಮೇಲೆ ಬಿತ್ತು.

"ನೀರಿನಲ್ಲೂ ಅಂದಳಾ?"

"ಹೂಂ ಅಣ್ಣ."

"ಬಟ್ಟೆಯಲ್ಲೂ."

ಟೈಲರಮ್ಮನಿಗೆ ಆಗ ಹೊಳೆಯಿತು. ಸೆರಗು ಬಾಯಿಗೆ ಹೋಯಿತು. ಔಷಧಿಗೋ ಕಾಯಿಲೆಗೋ ಅಕ್ಕನ ಮೂಗು ಕೆಟ್ಟಿತ್ತು. ಲೋಕವೆಲ್ಲ ಅವಳಿಗೆ ಸೋರುತ್ತಿತ್ತು. ಮರದಲ್ಲಿ ಯಾವ ದೋಷವೂ ಇರಲಿಲ್ಲ. ಮೊದಲನೆಯ ಸಂಜೆಯೇ ಕಡ್ಡಿ ಗೀರಿದ್ದರೆ ಅಕ್ಕ ಕುರ್ಚಿಯಲ್ಲಿ ಕೂತು, ಪೂರ್ತಿ ಎಚ್ಚರದಲ್ಲಿ, ನೋಡಬಹುದಿತ್ತು.

"ಆವಾಗಲೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?" ಎಂದು ನಾನು ಟೈಲರಮ್ಮನ ಮೇಲೆ ಹಾರಿದೆ. "ಊರಿನವರ ಸುದ್ದಿಯೆಲ್ಲ ಹೇಳ್ತೀರಿ, ಇದೊಂದು ಹೇಳೋಕಾಗ್ಲಿಲ್ವಾ?" ಆ ಹೆಂಗಸು ಅಲ್ಲೇ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕುಸಿದು ಅತ್ತರು.

"ಸುಮ್ನಿರೋ," ಅಂದರು ಭಾವ. "ಅವರಿಗೇನು ಗೊತ್ತು. ಮೂಗು ಇಲ್ಲದವನು ನಾನೇ ಕೇಳ್ಬೇಕಿತ್ತು." ಒಲೆಯ ನೊರೆಯನ್ನು ಒಂದು ಬಟ್ಟೆಯಿಂದ ನೀಟಾಗಿ ಒರೆಸಿ, ಚೀಲ ಎತ್ತಿಕೊಂಡು ಹೊರಟರು.

ಇನ್ನೇನು ಮಾಡಿಕೊಳ್ಳುತ್ತಾರೋ ಎಂದು ನಾನು ಹಿಂದೆಯೇ ಹೋದೆ. ಅವರು ಅಂಗಡಿಯ ಬಾಗಿಲು ತೆಗೆದರು. ಮರವನ್ನು ಜೋಡಿಸಲು ಶುರು ಮಾಡಿದರು.

ರಜಾ ದಿನ ಸಂಜೆ ಎಲ್ಲರೂ ಬಂದರು. ಚೈನು ಮಾತಿಲ್ಲದೆ ಬಂದ, ಅದೇ ಒಂದು ದೊಡ್ಡ ವಿಷಯ. ಟೈಲರಮ್ಮ ಅಭ್ಯಾಸಬಲದಿಂದ ಅಕ್ಕನ ಕುರ್ಚಿ ತಂದು ಇಟ್ಟರು, ನಾನು ಕಣ್ಣು ಕೆಂಪಗೆ ಮಾಡಿದೆ, ಭಾವ ಇರಲಿ ಅಂದರು. ಗೋಣಿ ನಾನು ಹಿಡಿದೆ. ನೀರು ತೊಟ್ಟಿಕ್ಕಿ ನನ್ನ ಕಾಲು ಒದ್ದೆಯಾಗುತ್ತಿತ್ತು. ಭಾವ ನಲ್ಲಿ ತಿರುಗಿಸಿ, ನೊರೆ ಬಳಿದು, ಬೆಂಕಿಪೊಟ್ಟಣ ತೆಗೆದು, ತಲೆ ಎತ್ತಿ ಕುರ್ಚಿಯ ಕಡೆ ನೋಡಿದರು. ಅಷ್ಟು ವರ್ಷದ ಅಭ್ಯಾಸ, ಕತ್ತು ತಾನಾಗಿ ತಿರುಗಿತು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಹೇಳು."

ನಾನು ಉಸಿರು ಎಳೆದೆ. ಏನೂ ಒಳಗೆ ಹೋಗಲಿಲ್ಲ. ಆ ಕತ್ತು ತಿರುಗಿದ್ದು ನೋಡಿದಾಗಿನಿಂದ ನನ್ನ ಮೂಗು ಪೂರ್ತಿ ಕಟ್ಟಿಹೋಗಿತ್ತು.

"ತಿಳೀತಿಲ್ಲ ಭಾವ. ಮೂಗು ಕಟ್ಟಿದೆ."

"ಹೂಂ ಅಂದ್ಬಿಡೋ," ಎಂದು ಚೈನು ಪಿಸುಗುಟ್ಟಿದ. "ಸೋರ್ತಿಲ್ಲ ಅಂತ ಗೊತ್ತಲ್ಲ."

ಅನ್ನಬಹುದಿತ್ತು. ಅಕ್ಕನ ಜಾಗದಲ್ಲಿ ನಿಂತು ಮೂಸದೆಯೇ ಹೂಂ ಅನ್ನಲು ನಾಲಿಗೆ ಬರಲಿಲ್ಲ. ಭಾವ ನಲ್ಲಿ ಮುಚ್ಚಿದರು. ಟೈಲರಮ್ಮ ಚಹಾ ತಂದರು, ಕುಡಿದು ಎಲ್ಲರೂ ಮನೆಗೆ ಹೋದರು. ನಾಳೆ ಹಚ್ಚೋಣ, ನಾಳೆ ಮೂಗು ಸರಿಹೋಗುತ್ತೆ ಎಂದು ನಾನು ಅಂದದ್ದಕ್ಕೆ ಭಾವ, "ಬೇಡ ಬಿಡು. ಅವಳು ಬೇಡ ಅಂದದ್ದನ್ನ ನಾನು ಯಾವತ್ತೂ ಹಚ್ಚಿಲ್ಲ" ಅಂದರು.

ಅಲ್ಲಿಂದ ಮರ ಕಿಟಕಿಯ ಮುಂದೆ ಹಾಗೇ ನಿಂತಿತು. ಭಾವ ಅಂಗಡಿ ತೆರೆದರು. ಗುಟ್ಟು ಇಟ್ಟುಕೊಳ್ಳುವುದನ್ನೂ ಬಿಟ್ಟರು. ಒಲೆ ರಿಪೇರಿ ಆದ ಮೇಲೆ ಗಿರಾಕಿಗೆ, "ನನಗೆ ವಾಸನೆ ತಿಳಿಯಲ್ಲ, ಒಂದು ಸಲ ಮೂಸಿ ಹೂಂ ಅನ್ನಿ" ಅನ್ನುತ್ತಿದ್ದರು. ಕೆಲವರು ಒಲೆ ಎತ್ತಿಕೊಂಡು ಹೋದರು. ಉಳಿದವರು ಬಗ್ಗಿ ಬಹಳ ಗಂಭೀರವಾಗಿ ಮೂಸಿ ಹೂಂ ಅನ್ನುತ್ತಿದ್ದರು. ಆ ಹೂಂ ಕೇಳಿದ ಮೇಲೇ ಭಾವ ಕಡ್ಡಿ ಗೀರುತ್ತಿದ್ದರು.

ಆದರೆ ರಜಾ ದಿನ ಬಂದರೆ ಮರದ ಮುಂದೆ ಕೂರುತ್ತಿದ್ದರು. ನಲ್ಲಿ ತಿರುಗಿಸಿ, ಬ್ರಷ್ಷು ಹಿಡಿದು, ಬುಡದಿಂದ ತುದಿಯವರೆಗೆ ನೊರೆ ಬಳಿಯುವುದು. ಒಂದೊಂದು ಜೋಡಣೆಯ ಮುಂದೆಯೂ ಕನ್ನಡಕ ಸರಿಮಾಡಿಕೊಂಡು ಕಾಯುವುದು. ಕೊನೆಯ ಕೊಂಬೆ ಮುಗಿದ ಮೇಲೆ ಒರೆಸಿ, ಎಣ್ಣೆ ಸವರಿ, ಮನೆಗೆ ಹೋಗುವುದು. ಮುಂದಿನ ರಜಾ ದಿನ ಮತ್ತೆ ಅದೇ. ಮೊದಮೊದಲು ನನಗೆ ರೇಗುತ್ತಿತ್ತು. ಬಿಚ್ಚಿ ಗುಜರಿಗೆ ಹಾಕಿ ಅಂದೆ. ಬಹಳ ದಿನ ನೋಡಿದ ಮೇಲೆ ಅರ್ಥವಾಯಿತು. ಅವರು ಸೋರುವ ಜಾಗ ಹುಡುಕುತ್ತಿದ್ದರು. ಒಂದೇ ಒಂದು ಗುಳ್ಳೆ ಎದ್ದರೆ ಸಾಕಿತ್ತು. ಆಗ ಅಕ್ಕ ಹೇಳಿದ್ದು ನಿಜವಾಗುತ್ತಿತ್ತು, ಆ ಸಂಜೆಗಳೆಲ್ಲ ಸುಮ್ಮನೆ ಹಾಳಾದದ್ದಾಗುತ್ತಿರಲಿಲ್ಲ.

ಇದು ತಿಳಿದ ಮೇಲೆ ನಾನು ಸುಮ್ಮನಿರುವವನಲ್ಲ. ಭಾವ ಯಾರದೋ ಮನೆಗೆ ಒಲೆ ನೋಡಲು ಹೋಗಿದ್ದಾಗ ಸ್ಪ್ಯಾನರ್ ತೆಗೆದುಕೊಂಡು ಅಂಗಳಕ್ಕೆ ಹೋದೆ. ಹುಳ ತಿಂದ ಎಲೆ ಇದೆಯಲ್ಲ, ಆ ಕೊಂಬೆಯ ಬುಡದ ಹಿತ್ತಾಳೆ ನಟ್ಟನ್ನು ಒಂದಿಷ್ಟೇ ಸಡಿಲಿಸಿದೆ.

ರಜಾ ದಿನ ಮಧ್ಯಾಹ್ನ ಭಾವ ಎಂದಿನಂತೆ ಬಂದು ಕೂತರು. ನಾನು ಶೆಡ್ಡಿನಲ್ಲಿ ಕಬ್ಬಿಣ ಉಜ್ಜುತ್ತಿರುವ ಹಾಗೆ ಸದ್ದು ಮಾಡುತ್ತ ನಿಂತೆ. ಬುಡ ಆಯಿತು, ನಡು ಆಯಿತು. ಆ ಕೊಂಬೆಗೆ ಬಂದಾಗ ಬ್ರಷ್ಷು ನಿಂತಿತು. ಬಹಳ ಹೊತ್ತು ನಿಂತಿತು.

"ಲೋ, ಬಾ ಇಲ್ಲಿ."

ಹೋದೆ. ನಟ್ಟಿನ ಅಂಚಿನಲ್ಲಿ ಒಂದು ಗುಳ್ಳೆ ಊದಿ, ಒಡೆದು, ಮತ್ತೊಂದು ಊದುತ್ತಿತ್ತು.

"ಇಲ್ಲಿತ್ತು ನೋಡು," ಅಂದರು ಭಾವ.

"ಹೌದಲ್ಲ ಭಾವ. ನಾವೆಲ್ಲ ಕುರುಡರ ಹಾಗೆ ಹುಡುಕಿದ್ವಿ."

"ಇವಳ ಮೂಗು ಸುಳ್ಳು ಹೇಳಲ್ಲ ಅಂತ ಆವತ್ತೇ ಹೇಳಿರಲಿಲ್ವಾ ನಾನು."

ನಟ್ಟನ್ನು ಬಿಗಿ ಮಾಡಿದರು. ಮತ್ತೆ ನೊರೆ ಬಳಿದರು, ಗುಳ್ಳೆ ಏಳಲಿಲ್ಲ. ಕೈ ಒರೆಸಿಕೊಂಡು, "ಗೋಣಿ ಒದ್ದೆ ಮಾಡು" ಅಂದರು. ಮಾಡಿದೆ. ಬೆಂಕಿಪೊಟ್ಟಣ ತೆಗೆದು ನನ್ನ ಕಡೆ ನೋಡಿದರು. ಈ ಸಲ ಕತ್ತು ಬೇರೆ ಕಡೆ ತಿರುಗಲಿಲ್ಲ. ನಾನು ಮರದ ಹತ್ತಿರ ಹೋಗಿ, ಎಲೆಗಳ ಬುಡಕ್ಕೇ ಮುಖ ಒಡ್ಡಿ, ಎದೆ ತುಂಬ ಉಸಿರು ಎಳೆದೆ. ಎಣ್ಣೆ, ಸೋಪು, ಬಿಸಿಲಿಗೆ ಕಾದ ತಗಡು. ತುದಿಗಳಿಂದ ಬರುವುದು ಎಷ್ಟು ಬರಬೇಕೋ ಅಷ್ಟೇ, ಹೆಚ್ಚಿಲ್ಲ.

"ಹೂಂ," ಅಂದೆ.

ಹಾಡಹಗಲು ಅದು, ಬೆಂಕಿಮರ ಹಚ್ಚುವ ಹೊತ್ತೇ ಅಲ್ಲ. ಸಂಜೆಯವರೆಗೆ ಕಾಯೋಣ ಎಂದು ನಾನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಕಡ್ಡಿ ತಾಗಿಸಿದರು. ಬುಸ್ ಎಂದು ಸದ್ದಾಯಿತು, ಕೊಂಬೆಯಿಂದ ಕೊಂಬೆಗೆ ದಾಟಿಕೊಂಡು ಹೋಯಿತು. ಬಿಸಿಲಲ್ಲಿ ಜ್ವಾಲೆ ಕಾಣುವುದಿಲ್ಲ. ಎಲೆಗಳು ಮಾತ್ರ ಒಂದೊಂದಾಗಿ ಮಿಸುಕಿದವು, ಆಮೇಲೆ ಮರವೆಲ್ಲ ಅಲುಗಾಡಿತು. ಗಾಳಿ ಒಂದು ಎಳೆಯೂ ಇರಲಿಲ್ಲ. ತಗಡಿಗೆ ತಗಡು ತಾಗುವ ಸದ್ದು ಕಿಟಕಿಯವರೆಗೂ ಕೇಳುತ್ತಿತ್ತು. ಕಿಟಕಿಯ ಆಚೆ ಸುತ್ತಿಟ್ಟ ಹಾಸಿಗೆ. ಕಾನೂನಿನ ಪ್ರಕಾರ ಗೋಣಿ ಹಿಡಿದವನು ಮರ ನೋಡಿ ಖುಷಿ ಪಡಬಾರದು. ಆ ಕಾನೂನು ಮುರಿಯುವ ಭಯ ಅವತ್ತು ನನಗಿರಲಿಲ್ಲ.

ಭಾವ ಕೈಕಟ್ಟಿ ನಿಂತು ನೋಡಿದರು. ಸಿಲಿಂಡರು ಬರಿದಾಗುವವರೆಗೂ ನೋಡಿದರು. ಕೊನೆಯ ಎಲೆ ನಿಂತ ಮೇಲೆ ನಲ್ಲಿ ಮುಚ್ಚಿ, ಬ್ರಷ್ಷು ತೊಳೆದು ಚೀಲಕ್ಕೆ ಹಾಕಿಕೊಂಡರು. ಮನೆಯ ಕಡೆ ಹೊರಟವರು ಆ ಕೊಂಬೆಯ ಹತ್ತಿರ ಒಮ್ಮೆ ನಿಂತು, ಹಿತ್ತಾಳೆಯ ನಟ್ಟಿನ ಮೇಲೆ ಹೆಬ್ಬೆರಳು ಸವರಿದರು. ಅಲ್ಲಿ ನನ್ನ ಸ್ಪ್ಯಾನರಿನ ಹೊಸ ಗೀರು ಹೊಳೆಯುತ್ತಿತ್ತು.

"ಹಿತ್ತಾಳೆಗೆ ಸ್ಪ್ಯಾನರ್ ಹಾಕುವಾಗ ಬಟ್ಟೆ ಸುತ್ತಬೇಕು ಕಣೋ," ಅಂದರು, ನನ್ನ ಕಡೆ ನೋಡದೆ. "ಎಷ್ಟು ಸಲ ಹೇಳಿಲ್ಲ ನಿನಗೆ."